ನಲವತ್ತೊಂದನೆಯ ಡಬ್ಬಿ

ಇಪ್ಪತ್ತೊಂದು ವರ್ಷದ ಹಿಂದೆ ಡಬ್ಬಿ ಮಾವ ಒಂದು ಮಾತು ಕೊಟ್ಟಿದ್ದ.

ಬೀಜ ಸಂಗ್ರಹದ ಉಗ್ರಾಣಕ್ಕೆ ಅವನು ಆಗಷ್ಟೇ ಸೇರಿದ್ದ. ರೈತ ಹೆಂಗಸೊಬ್ಬಳು ಕರವಸ್ತ್ರದಲ್ಲಿ ಒಂದು ಹಿಡಿ ಕೆಂಪು ಗೋಧಿ ಕಟ್ಟಿಕೊಂಡು ಬಂದಿದ್ದಳು. "ನಮ್ಮ ಮನೆ ಕಾಳು ಕಣಪ್ಪಾ. ಬೇರೆಲ್ಲೂ ಇಲ್ಲ. ಕಳೀಬೇಡ."

"ನೀವು ಕೇಳಿದ ದಿನ ಇದೇ ಕಾಳನ್ನ ನಿಮ್ಮ ಮನೆಯವರ ಕೈಗೆ ಹಾಕ್ತೀನಮ್ಮ," ಎಂದಿದ್ದ ಮಾವ. ಕಾಗದವಿಲ್ಲ, ಸಹಿಯಿಲ್ಲ. ಬರೀ ಬಾಯಿಮಾತು.

ಆ ದಿನ ಬಂದದ್ದು ಈ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.

ಬಂದವಳು ಆಕೆಯ ಸೊಸೆ. ಕಣಜಕ್ಕೆ ಬೆಂಕಿ ಬಿದ್ದು ಅವರ ಮನೆಯಲ್ಲಿ ಬಿತ್ತನೆಗೆ ಒಂದು ಕಾಳೂ ಉಳಿದಿರಲಿಲ್ಲ. ಮಾವ ಶೀತಲ ಕೋಣೆಯಿಂದ ನಲವತ್ತೊಂದನೆಯ ಡಬ್ಬಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದ. ಮೊಹರು ಒಡೆದ. ಸೊಸೆ ಒಂದು ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿದಳು.

"ಇದು ನಮ್ಮದಲ್ಲ."

"ಸರಿಯಾಗಿ ನೋಡಮ್ಮ—"

"ನಮ್ಮ ಕಾಳು ಸಣ್ಣ, ಕೆಂಪು. ಕಡಿದ್ರೆ ಕಲ್ಲು. ಇದು ಪೇಟೆ ಕಾಳು. ದಪ್ಪ, ಬಿಳಿಚು."

ಮಾವ ಮುಚ್ಚಳ ಪಕ್ಕಕ್ಕಿಟ್ಟ. ಡಬ್ಬಿಯೊಳಗೆ ಕೈ ಹಾಕಿದ. ಮೇಲಿಂದ ತಳದವರೆಗೂ ಪೇಟೆ ಕಾಳೇ!

ಹತ್ತು ನಿಮಿಷದಲ್ಲಿ ನಿರ್ದೇಶಕಿ ಬಂದರು. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಅವರ ಹಿಂದೆ ಕಿರಿಯ ಸಂಶೋಧಕ—ಚಿಕ್ಕ ಸಾಹೇಬ. ಶೀತಲ ಯಂತ್ರದ ಮಿಸ್ತ್ರಿ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಓಡಿ ಬಂದ. ಕೊನೆಗೆ ಬಂದವಳು ಫೋಟೋ ಅಕ್ಕ. ಕಾಳುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಅಳೆಯುವುದು ಅವಳ ಕೆಲಸ.

"ಬೀಗದ ಕೈ ಯಾರ ಹತ್ರ?" ಎಂದರು ದೊಡ್ಡ ಮೇಡಂ.

"ಒಂದು ನನ್ನ ಹತ್ರ," ಎಂದ ಮಾವ.

"ಇನ್ನೊಂದು ನನ್ನ ಹತ್ರ ಇತ್ತು," ಎಂದ ಚಿಕ್ಕ ಸಾಹೇಬ ಪಟಪಟನೆ. "ಎರಡು ತಿಂಗಳ ಹಿಂದೆ, ಈ ವರ್ಷದ ಫೋಟೋ ತೆಗೆದ ದಿನವೇ ನಿಮಗೆ ಒಪ್ಪಿಸಿದ್ದೀನಿ ಮೇಡಂ. ಆವತ್ತು ಕಾಳು ಸರಿಯಾಗೇ ಇತ್ತು. ಕಂಪ್ಯೂಟರೇ ಸಾಕ್ಷಿ."

ಅಲ್ಲಿನ ಪದ್ಧತಿಯೇ ಹಾಗೆ. ವರ್ಷಕ್ಕೊಮ್ಮೆ ಪ್ರತಿ ಡಬ್ಬಿಯಿಂದ ನೂರು ಕಾಳು ತೆಗೆದು ಸ್ಕ್ಯಾನರಿನ ಗಾಜಿನ ಮೇಲೆ ಹರಡುತ್ತಾರೆ. ಕಂಪ್ಯೂಟರು ಒಂದೊಂದು ಕಾಳಿನ ಉದ್ದ, ಅಗಲ, ಬಣ್ಣ ಅಳೆದು, ಇದು ಹಳೆಯ ತಳಿಯೇ ಹೌದೋ ಅಲ್ಲವೋ ಹೇಳಿಬಿಡುತ್ತದೆ. ಆಮೇಲೆ ಡಬ್ಬಿಗೆ ಮೊಹರು. ಆ ನೂರು ಕಾಳು ಬೆಳಕಿಗೆ ಬಿಸಿಯಾಗಿ, ಕೈಬೆವರು ತಾಗಿ ಕೆಟ್ಟವೆಂದು ಲೆಕ್ಕ. ಎಸೆಯಬೇಕು. ಡಬ್ಬಿಗೆ ಮರಳಿ ಹಾಕುವಂತಿಲ್ಲ.

"ಹಾಗಾದ್ರೆ ಕಾಳು ಬದಲಾಗಿದ್ದು ಈ ಎರಡು ತಿಂಗಳಲ್ಲಿ," ಎಂದರು ಮೇಡಂ. "ಈ ಎರಡು ತಿಂಗಳು ಒಳಗೆ ಹೋದವರು ಯಾರು?"

"ಹೋದ ತಿಂಗಳು ಯಂತ್ರ ರಿಪೇರಿಗೆ ನಾನು," ಎಂದ ಮಿಸ್ತ್ರಿ. "ಎರಡೇ ದಿನ. ಮಾವನೂ ಪಕ್ಕದಲ್ಲೇ ಇದ್ದ. ನನಗೆ ಗೋಧಿ ಯಾಕೆ ಬೇಕು ಮೇಡಂ? ನಮ್ಮನೇಲಿ ರೊಟ್ಟಿ ಮಾಡೋರೇ ಇಲ್ಲ!"

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಮಾವನ ಮೇಲೆ.

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು?" ಎಂದ ಚಿಕ್ಕ ಸಾಹೇಬ, ಮೆಲ್ಲಗೆ.

ಮಾವನಿಗೆ ಒಂದು ಮಾತು ತುಟಿಯವರೆಗೂ ಬಂತು. ಹೇಳಿದರೆ ಇನ್ನೊಂದು ತಪ್ಪು ಬಯಲಾಗುತ್ತದೆ. ನುಂಗಿಕೊಂಡ.

"ಮಧ್ಯಾಹ್ನದೊಳಗೆ ಉತ್ತರ ಬೇಕು," ಎಂದರು ಮೇಡಂ. "ಇಲ್ಲದಿದ್ರೆ ನಾನು ದೂರು ಬರೀಬೇಕಾಗುತ್ತೆ ಮಾವ. ನನ್ನನ್ನ ಕ್ಷಮಿಸಿ."

"ಮೊದಲು ಚಿತ್ರ ನೋಡೋಣ," ಎಂದಳು ಫೋಟೋ ಅಕ್ಕ.

ಅಷ್ಟರಲ್ಲಿ ಅವಳ ಫೋನು. "ಏನೇ? ... ಸಾಕ್ಸ್ ಹಾಸಿಗೆ ಕೆಳಗಿದೆ. ಎರಡೂ ಒಂದೇ ಬಣ್ಣದ್ದೇ ಬೇಕಿಲ್ಲ, ಹೋಗು. ಅಪ್ಪನಿಗೆ ಹೇಳು, ಹಾಲು ಉಕ್ಕಿಸಬೇಡ ಅಂತ." ಫೋನಿಟ್ಟು ಕಣ್ಣುಜ್ಜಿಕೊಂಡಳು. "ಬನ್ನಿ."

ಅವಳ ಕೋಣೆಯೆಂದರೆ ಮಾವನಿಗೆ ಸಂಕೋಚ. ಮೂರು ವರ್ಷದ ಹಿಂದೆ ಯಾವುದೋ ಸಿಟ್ಟಿನಲ್ಲಿ ಅವನು ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಎಸೆದಿದ್ದ. ಅದು ಹೋಗಿ ಬಿದ್ದದ್ದು ಸ್ಕ್ಯಾನರಿನ ಗಾಜಿನ ಮೇಲೆ. ಅಂದಿನಿಂದ ಎಲ್ಲ ಚಿತ್ರಗಳ ಎಡ ಮೇಲ್ಮೂಲೆಯಲ್ಲೂ ಕೂದಲೆಳೆಯಂಥ ಗೀರು. ಅಷ್ಟು ತೆಳುವಾದದ್ದನ್ನು ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಕ ಮಾತ್ರ ಒಂದು ವಾರ ಮಾತು ಬಿಟ್ಟಿದ್ದಳು.

ಪರದೆಯ ಮೇಲೆ ಈ ವರ್ಷದ ಚಿತ್ರ ಬಂತು. ನೂರು ಕಾಳು. ಸಣ್ಣವು, ಕೆಂಪು.

"ನಮ್ಮದೇ!" ಎಂದು ಸೊಸೆ ಕೂಗಿದಳು.

ಬಲ ಮೇಲ್ಮೂಲೆಯಲ್ಲಿ ತನ್ನ ಗೀರು ಕಂಡು ಮಾವ ಕಣ್ಣು ತಗ್ಗಿಸಿದ. ಫೋಟೋ ಅಕ್ಕ ಪರದೆಯ ಹತ್ತಿರ ಮುಖ ತಂದಳು. ಹಾಗೇ ಕೂತುಬಿಟ್ಟಳು. ಒಂದು ನಿಮಿಷ. ಎರಡು ನಿಮಿಷ. ನಿದ್ದೆ ಬಂತೇನೋ ಎಂದು ಮಿಸ್ತ್ರಿ ಇಣುಕಿ ನೋಡಿದ.

"ಸಾಹೇಬ್ರೇ," ಎಂದಳು ಕೊನೆಗೆ. ದನಿಯೇ ಬದಲಾಗಿತ್ತು. "ನನ್ನ ಮಗಳಿಗೆ ಜ್ವರ ಅಂತ ನಾನು ಮೂರು ದಿನ ರಜೆ ಹಾಕಿದ್ದೆ. ಈ ಚಿತ್ರ ತೆಗೆದಿದ್ದು ನೀವು ತಾನೇ?"

"ಹೌದು. ನಾನೇ ಡಬ್ಬಿ ತೆಗೆಸಿದೆ. ನಾನೇ ನೂರು ಕಾಳು ಹರಡಿದೆ. ನಾನೇ ತೆಗೆದೆ."

"ಇದೇ ಗಾಜಿನ ಮೇಲೆ?"

"ಮತ್ತಿನ್ಯಾವ ಗಾಜು? ಇರೋದು ಒಂದೇ ಅಲ್ವಾ?"

"ಒಂದೇ. ಮಾವ, ಇಲ್ಲಿ ಬನ್ನಿ. ಆವತ್ತು ನಿಮ್ಮ ಗೊಂಚಲು ಯಾವ ಕಡೆ ಬಿತ್ತು?"

ಮಾವ ಸ್ಕ್ಯಾನರಿನ ಮುಚ್ಚಳ ಎತ್ತಿದ. ಬೆರಳಿಟ್ಟು ತೋರಿಸಿದ. ಎಡಕ್ಕೆ.

"ಹೋದ ವರ್ಷದ ಚಿತ್ರದಲ್ಲಿ?" ಅಕ್ಕ ತೆರೆದಳು. ಎಡಕ್ಕೆ. "ಅದರ ಹಿಂದಿನದ್ದು?" ಎಡಕ್ಕೆ. "ಈ ವರ್ಷದ್ದು?"

ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಬಲಕ್ಕೆ! ಗೀರು ನಡ್ಕೊಂಡು ಹೋಯ್ತೇನಮ್ಮ?"

"ಗೀರು ಎಲ್ಲೂ ಹೋಗಿಲ್ಲ ಮಾವ. ಚಿತ್ರವನ್ನ ತಿರುವಿದ್ದಾರೆ. ಕನ್ನಡಿಯಲ್ಲಿ ಕಾಣೋ ಹಾಗೆ."

ಅವಳ ಬೆರಳು ಎರಡು ಸಲ ಒತ್ತಿತು. ಈ ವರ್ಷದ ಚಿತ್ರ ಮಗ್ಗುಲು ಬದಲಿಸಿತು. ಅದನ್ನು ಎಳೆದು ಹೋದ ವರ್ಷದ ಚಿತ್ರದ ಮೇಲೆ ಕೂರಿಸಿದಳು. ಕಾಳಿನ ಮೇಲೆ ಕಾಳು ಕೂತಿತು. ಗೀರಿನ ಮೇಲೆ ಗೀರು. ಮೂರನೇ ಸಾಲಿನಲ್ಲಿ ಮೂಗು ಮುರಿದ ಒಂದು ಕಾಳು—ಅದರ ಮೇಲೆ ಅದೇ ಮೂಗು ಮುರಿದ ಕಾಳು!

"ಒಂದು ಮನೆಯ ಮಕ್ಕಳನ್ನೇ ಎರಡು ಸಲ ಒಂದೇ ಥರ ಕೂರಿಸೋಕೆ ಆಗಲ್ಲ," ಎಂದಳು ಅಕ್ಕ. "ನೂರು ಕಾಳು ಹೇಗೆ ಕೂತಾವು ಸಾಹೇಬ್ರೇ?"



"ನನಗೇನು ಗೊತ್ತು?" ಎಂದ ಚಿಕ್ಕ ಸಾಹೇಬ. "ಯಾರೋ ಆಮೇಲೆ ಬಂದು ಬದಲಾಯಿಸಿರಬೇಕು. ಮಾವನೇ ಇರಬಹುದು."

"ಮಾವನಾ?" ಮಿಸ್ತ್ರಿ ಹೋ ಎಂದು ನಕ್ಕ. "ಮಾವನಿಗೆ ಫೋನ್ ಬಂದ್ರೆ ಎತ್ತಿಕೊಡೋನು ನಾನು!"

"ಮಾವ ಆಗಿದ್ರೆ ಹಳೆ ಚಿತ್ರವನ್ನ ಹಾಗೇ ಹಾಕ್ತಿದ್ರು, ಸಿಕ್ಕಿಬೀಳ್ತಿದ್ರು," ಎಂದಳು ಅಕ್ಕ. "ಒಂದೇ ಚಿತ್ರ ಎರಡು ಸಲ ಕೊಟ್ರೆ ಕಂಪ್ಯೂಟರ್ ಒಪ್ಪಲ್ಲ. ತಿರುವಿ ಕೊಟ್ರೆ ಹೊಸದು ಅನ್ಕೊಳ್ಳುತ್ತೆ. ಉದ್ದ ಅಗಲ ಬಣ್ಣ ಎಲ್ಲ ಅಷ್ಟೇ ಇರುತ್ತೆ. ಈ ಒಳಗುಟ್ಟು ಗೊತ್ತಿರೋರು ಇಬ್ಬರೇ. ಒಬ್ಬಳು ನಾನು, ಮಗಳ ಹಣೆಗೆ ಒದ್ದೆಬಟ್ಟೆ ಹಾಕ್ತಾ ಮನೇಲಿದ್ದೆ. ಇನ್ನೊಬ್ರು—ನಾನೇ, ನಾನೇ ಅಂತ ಈಗ ತಾನೇ ಮೂರು ಸಲ ಹೇಳಿದ್ರಿ. ಎಲ್ಲರೂ ಕಾಳು ನೋಡ್ತಾರೆ ಸಾಹೇಬ್ರೇ. ನಾನು ದಿನಾ ಬೆಳಿಗ್ಗೆ ಗಾಜು ಒರೆಸೋಳು."

ಚಿಕ್ಕ ಸಾಹೇಬ ಕುರ್ಚಿಯಲ್ಲಿ ಕುಸಿದ.

"ಕಾಳು ಎಲ್ಲಿ?" ಎಂದರು ಮೇಡಂ.

"ಇಲ್ಲ... ಬೀಜ ಹಳೇದಾಯ್ತು, ಹೊಸದು ಬೆಳ್ಕೊಳ್ಳೋಣ ಅಂತ ಹೋದ ಹಂಗಾಮಿನಲ್ಲಿ ಡಬ್ಬಿಯ ಕಾಳು ಬಿತ್ತಿದ್ವಲ್ಲ. ಅರ್ಧ ಬಿತ್ತಿ ಅರ್ಧ ಉಳಿಸಬೇಕು ಅನ್ನೋದು ನಿಯಮ. ನಾನು ಅವಸರದಲ್ಲಿ ಪೂರ್ತಿ ಬಿತ್ತಿಬಿಟ್ಟೆ. ಬಲೆ ಕಟ್ಟೋದು ನಾಳೆ ನಾಳೆ ಅಂತ ಬಿಟ್ಟೆ. ಹಕ್ಕಿಗಳು... ಒಂದು ತೆನೆ ಉಳೀಲಿಲ್ಲ ಮೇಡಂ. ಪೇಟೆ ಕಾಳು ತುಂಬಿಟ್ಟೆ. ನನ್ನ ಹತ್ರ ಬೀಗದ ಕೈ ಇದ್ದಾಗ ಹೋಗಿದ್ದಲ್ಲ ಅಂತ ತೋರಿಸೋಕೆ ಚಿತ್ರ..."

ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಹಾಗಾದ್ರೆ ಎಲ್ಲೂ ಇಲ್ವಾ? ಅತ್ತೆ ಬಾಗಿಲಲ್ಲೇ ಕೂತಿರ್ತಾರೆ. ಏನಂತ ಹೇಳ್ಲಿ?"

ಕಳ್ಳ ಸಿಕ್ಕಿದ್ದ. ಕಾಳು ಸಿಕ್ಕಿರಲಿಲ್ಲ.

"ಮೇಡಂ," ಎಂದ ಡಬ್ಬಿ ಮಾವ. "ನಂದೂ ಒಂದು ತಪ್ಪಿದೆ. ಫೋಟೋ ಆದಮೇಲೆ ನೂರು ಕಾಳು ಎಸೀಬೇಕು ಅಂತ ನಿಯಮ. ಎಸೆಯೋಕೆ ನನಗೆ ಕೈ ಬರಲ್ಲ. ಅನ್ನ ತಿನ್ನೋ ಕೈ ಅಲ್ವಾ?"

"ಮಾವ! ಏನು ಮಾಡಿದ್ರಿ?"

ಮಾವ ಆಗಲೇ ಓಡಿದ್ದ. ಅರವತ್ತರ ಹತ್ತಿರದ ಮನುಷ್ಯ ಹಾಗೆ ಓಡಿದ್ದನ್ನು ಮಿಸ್ತ್ರಿ ಇವತ್ತೇ ನೋಡಿದ್ದು. ಶೀತಲ ಕೋಣೆಯ ಕೊನೆಯ ಕಪಾಟಿನ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು ತಂದ. ತುಂಬ ಪುಟ್ಟ ಪುಟ್ಟ ಲಕೋಟೆಗಳು. ಪ್ರತಿಯೊಂದರ ಮೇಲೂ ಮಾವನ ಸೊಟ್ಟ ಅಕ್ಷರದಲ್ಲಿ ಡಬ್ಬಿಯ ಸಂಖ್ಯೆ, ವರ್ಷ.

"ನಲವತ್ತೊಂದು... ನಲವತ್ತೊಂದು..." ಬೆರಳು ಲಕೋಟೆಗಳನ್ನು ಸರಿಸುತ್ತ ಹೋಯಿತು. ಒಂದು, ಎರಡು, ಐದು. "ಐದು ವರ್ಷದ್ದಿದೆ. ಈ ವರ್ಷದ್ದಿಲ್ಲ. ಸಾಹೇಬ್ರು ಈ ಸಲ ಎಸೆಯೋಕೆ ಅಂತ ಈ ಡಬ್ಬಿಯ ನೂರು ಕಾಳು ಕೊಡಲೇ ಇಲ್ಲ. ಹೇಳಿದ್ರೆ ನನ್ನ ಡಬ್ಬ ಬಯಲಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ಫೋಟೋ ಅಕ್ಕ ಹೋದ ವರ್ಷದ ಲಕೋಟೆಯನ್ನು ಬಿಳಿ ಹಾಳೆಯ ಮೇಲೆ ಸುರಿದಳು. ಬೆರಳ ತುದಿಯಿಂದ ಕೆದಕಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂಗು ಮುರಿದ ಕಾಳು.

"ಇದೊಂದನ್ನ ಸಾಕ್ಷಿಗೆ ಇಟ್ಕೋತೀನಿ," ಎಂದಳು. ಅವಳ ಕೆಂಪು ಕಣ್ಣುಗಳು ಹೊಳೆಯುತ್ತಿದ್ದವು. "ಒಂದೊಂದು ಲಕೋಟೆಯಿಂದ ಹತ್ತು ಕಾಳು ನಮಗೂ ಇರಲಿ ಮೇಡಂ. ತಂಪಲ್ಲೇ ಇದ್ದ ಕಾಳು, ಮೊಳೆಯುತ್ತೆ. ಮತ್ತೆ ಬೆಳೆಸೋಣ."

"ಅರ್ಧ ಬಿತ್ತಿ, ಅರ್ಧ ಇಟ್ಟು," ಎಂದರು ಮೇಡಂ, ಚಿಕ್ಕ ಸಾಹೇಬನನ್ನು ನೋಡುತ್ತ. "ನೀವು ನನ್ನ ಕೋಣೆಗೆ ಬನ್ನಿ."

ಉಳಿದ ಕಾಳನ್ನೆಲ್ಲ ಮಾವ ಒಟ್ಟು ಮಾಡಿದ. ಸೊಸೆ ಒಂದನ್ನು ಹಲ್ಲಿಗಿಟ್ಟು ಕಡಿದಳು. ಮುಖ ಕಿವುಚಿದಳು, ದವಡೆ ಹಿಡಿದುಕೊಂಡಳು, ಆಮೇಲೆ ಅಳುತ್ತಲೇ ನಕ್ಕಳು.

"ಕಲ್ಲು! ನಮ್ಮದೇ ಇದು."

ಅವಳು ಕೈಯೊಡ್ಡಿದಳು. ಮಾವ ಸುರಿದ. ಒಂದು ಪುಟ್ಟ ಹಿಡಿಯಾಯಿತು.

ಡಬ್ಬಿ ಮಾವ ಕೊಟ್ಟ ಮಾತು ಉಳಿಯಿತು.