ಕೊಡಲಿ ಕಚ್ಚು ಬಿದ್ದ ಮರಗಳು

೧೯೮೭ರ ಮೇ ೧೪, ಗುರುವಾರ. ಬೆಳಿಗ್ಗೆ ೧೦.೧೫ಕ್ಕೆ ಕಸ್ತೂರೆಮ್ಮ ಎಂಬ ಹೆಂಗಸು ಮಸ್ಕಿ ಠಾಣೆಗೆ ಬಂದು, ತನ್ನ ಗಂಡ ಅಮರಗುಂಡಪ್ಪನನ್ನು ಯಾರೋ ಕೊಲ್ಲಲಿದ್ದಾರೆಂದು ದೂರು ಕೊಟ್ಟಳು. ಯಾರು ಎಂದು ಸಬ್‌ಇನ್‌ಸ್ಪೆಕ್ಟರ್ ಕನಕರಾಯ ಕೇಳಿದರೆ, ಗೊತ್ತಿಲ್ಲ, ಚಿತ್ರದಲ್ಲಿ ಬಂದಿದೆ ಎಂದಳು. ಕಾನ್‌ಸ್ಟೇಬಲ್ ಅಲ್ಲಾಭಕ್ಷ್‌ಗೆ ನಗು ಬಂತು. ಕನಕರಾಯ ನಗಲಿಲ್ಲ. ಅವಳನ್ನು ಕೂಡಿಸಿ, ಮೊದಲಿನಿಂದ ಹೇಳು ಎಂದ.

ಅವಳ ಮಾವ ನಿಜಾಮರ ಕಾಲದ ನಕ್ಷೆಗಾರ. ಮಸ್ಕಿ ಗುಡ್ಡದ ಚಿತ್ರವೊಂದನ್ನು ಬರೆದು ಪಡಸಾಲೆಯಲ್ಲಿ ತೂಗುಹಾಕಿದ್ದ. ಅದರಲ್ಲಿ ಗುಡ್ಡವೆಂದರೆ ಮನೆದೇವರು, ಹಳ್ಳವೆಂದರೆ ವಂಶ, ದಂಡೆಯ ಒಂದೊಂದು ಮರ ಮನೆಯ ಒಬ್ಬೊಬ್ಬರು. ಯಾರಾದರೂ ಸತ್ತರೆ ಅವರ ಮರದ ಬುಡಕ್ಕೆ ಕೊಡಲಿ ಕಚ್ಚು ಬರೆಯುತ್ತಿದ್ದ. ಮುದುಕ ಸತ್ತು ಹತ್ತು ವರ್ಷವಾಗಿತ್ತು. ಹೋದ ತಿಂಗಳು ಗಂಡನ ಅಣ್ಣ ದೊಡ್ಡಬಸಪ್ಪನ ಮರಕ್ಕೆ ಕಚ್ಚು ಬಿತ್ತು. ನಾಲ್ಕನೇ ದಿನ ಅವನು ವಾಂತಿ ಮಾಡಿಕೊಂಡು ಸತ್ತ. ಕಾಲರಾ ಎಂದು ಹೂತರು. ನಿನ್ನೆ ಗಂಡನ ಮರಕ್ಕೂ ಬಿದ್ದಿದೆ.

ಎಫ್‌ಐಆರ್ ದಾಖಲಿಸಿ ೧೧.೩೦ಕ್ಕೆ ಮನೆ ತಲುಪಿದರು. ಚಿತ್ರದ ಮುಂದೆ ಹೋದ ಕಸ್ತೂರೆಮ್ಮ ಗೋಡೆ ಹಿಡಿದು ನಿಂತುಬಿಟ್ಟಳು.

"ಇದು ನನ್ನ ಗಿಡರೀ. ಮುಂಜಾನಿ ಚೊಲೋ ಇತ್ತು."

ಕನಕರಾಯ ಆ ಹೊಸ ಕಚ್ಚಿನ ಮೇಲೆ ಬೆರಳಿಟ್ಟ. ಮಸಿ ಬೆರಳಿಗೆ ಹತ್ತಿತು. ಇನ್ನೂ ಒಣಗಿರಲಿಲ್ಲ. ಬರೆದವರು ಇನ್ನೂ ಮನೆಯಲ್ಲೇ ಇದ್ದಾರೆ.

ಅಲ್ಲಾಭಕ್ಷ್‌ನನ್ನು ಹಿತ್ತಲ ಬಾಗಿಲಿಗೆ ಕಳಿಸಿ ಒಳಕೋಣೆಗೆ ನುಗ್ಗಿದ. ಹೆದರಿ ಹಾಸಿಗೆ ಹಿಡಿದಿದ್ದ ಅಮರಗುಂಡಪ್ಪನಿಗೆ ಆಳು ಅಂಬಪ್ಪ ಮಜ್ಜಿಗೆಯ ತಂಬಿಗೆ ಚಾಚಿದ್ದ. ಕನಕರಾಯ ಅದನ್ನು ಕಸಿದು ಮೂಸಿದ. ಬೆಳೆಗೆ ಹೊಡೆಯುವ ಎಂಡ್ರಿನ್ ವಿಷದ ವಾಸನೆ.

"ನೀ ಕುಡಿ," ಅಂದ.

ಅಂಬಪ್ಪ ಕುಡಿಯಲಿಲ್ಲ.

ಪಂಚರ ಎದುರು ಪಂಚನಾಮೆ ಮಾಡಿದಾಗ ದನದ ಕೊಟ್ಟಿಗೆಯಲ್ಲಿ ಎಂಡ್ರಿನ್ ಶೀಸೆ, ಮಸಿಕುಡಿಕೆ ಸಿಕ್ಕವು. ದೊಡ್ಡಬಸಪ್ಪನ ಹೆಣ ತೆಗೆಸಲು ಲಿಂಗಸುಗೂರಿನ ತಹಸೀಲ್ದಾರರಿಗೆ ಪತ್ರ ಹೋಯಿತು.

"ಚಿತ್ರದ ಗುಟ್ಟು ನಿನಗ ಹ್ಯಾಂಗ ಗೊತ್ತು?" ಕನಕರಾಯ ಅಂಬಪ್ಪನನ್ನು ಕೇಳಿದ.

"ಮುದುಕಗ ಮಸಿ ಅರದು ಕೊಡಾಂವ ನಾನ ಇದ್ದೆರಿ."

"ಕೊಲ್ಲೂಕ್ಕಿಂತ ಮದಲ ಕಚ್ಚು ಯಾಕ ಬರದಿ?"

"ಅವರೂ ಅಂಜಲಿ ಅಂತ. ನಮ್ಮವ್ವ ಆ ಮನ್ಯಾಗ ಜಲ್ಮೆಲ್ಲಾ ಅಂಜಿಕೋತ ಬಾಳ್ಯಾಳ."

ಅವ್ವ ಪಂಪಮ್ಮ ಅದೇ ಮನೆಯ ಕೆಲಸದವಳು. ಅಂಬಪ್ಪ ಯಾರ ಮಗನೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟವರಿಲ್ಲ. ಹನ್ನೆರಡು ವರ್ಷದವನಿದ್ದಾಗ ಅವನು ಮುದುಕನನ್ನು ನನ್ನ ಗಿಡ ಯಾವುದು ಎಂದು ಕೇಳಿದ್ದನಂತೆ. ಮುದುಕ ನಕ್ಕು ದಂಡೆಯ ಹುಲ್ಲು ತೋರಿಸಿದ್ದ.

ಸಂಜೆ ೬.೪೦ಕ್ಕೆ ದಸ್ತಗಿರಿ. ಹೇಳಿಕೆ ಬರೆಯುತ್ತ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಕನಕರಾಯನ ಪೆನ್ನು ನಿಂತಿತು. ಏನು ಬರೆಯಲಿ ಎಂದು ಕೇಳಿದ.

"ಅದನ್ನ ಅವರ ಮನ್ಯಾಗ ಕೇಳ್ರಿ," ಅಂದ ಅಂಬಪ್ಪ.