ಮೂಡಣ ದಡದ ಆನೆ

ವೃಷಭೇಂದ್ರನ ಹತ್ತು ಕೆಂಪು ದೋಣಿಗಳು ಜೋಡಿಕೆರೆಯ ಪಡುವಣ ದಡದಲ್ಲಿ ಬೋರಲು ಬಿದ್ದಿದ್ದವು. ಎದುರಿನ ಮೂಡಣ ದಡದಲ್ಲಿ ಬೊಮ್ಮಯ್ಯನ ನಾಲ್ಕು ಹಳೆಯ ತೆಪ್ಪಗಳಿಗೆ ಜನ ಸಾಲುಗಟ್ಟಿ ನಿಂತಿದ್ದರು. ಶನಿವಾರ ಬಂದು ಭಾನುವಾರ ಹೋಗುವ ಕೊಯಮತ್ತೂರು, ಮೈಸೂರಿನ ಜನ. ಕೆರೆಯ ಮೇಲಿನ ಮಂಜು ಕಂಡರೆ ಕಿರುಚುವವರು, ಕಪ್ಪೆ ಕಂಡರೂ ಕಿರುಚುವವರು. ಇವರ ಮೇಲೆ ವೃಷಭೇಂದ್ರನಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಆದರೂ ಅವರು ತನ್ನ ದೋಣಿ ಬಿಟ್ಟು ಆ ಬಿದಿರ ಬುಟ್ಟಿಯಲ್ಲಿ ಗಿರಗಿರ ತಿರುಗಿ ಹಲ್ಲು ಕಿರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದ. ಈಗ ಅರಣ್ಯ ಇಲಾಖೆಯವರು ಒಂದೇ ದಡಕ್ಕೆ ದೋಣಿ ಬಿಡುವ ಪರ್ಮಿಟ್ ಕೊಡುವುದಾಗಿ ಹೇಳಿದ್ದರು. ಎರಡು ವಾರ ಬಿಟ್ಟು ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರೇಂಜರ್ ಮಧುಕುಮಾರ್ ಬಂದು ಎರಡೂ ದಡ ನೋಡಿ ತೀರ್ಮಾನ ಮಾಡುವವರಿದ್ದರು. ಪರ್ಮಿಟ್ ತಪ್ಪಿದವನು ದೋಣಿ ಒಡೆದು ಒಲೆಗೆ ಹಾಕಿಕೊಳ್ಳಬೇಕು. ಅಪ್ಪನ ಕಾಲದಲ್ಲಿ ತಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ಬೊಮ್ಮಯ್ಯನ ಎದುರು ತಾನು ಸೋಲುವುದೇ?

ಮೂಡಣ ದಡ ಆನೆದಾರಿ ಎಂದು ಗೊತ್ತಾದರೆ ಇಲಾಖೆ ಅಲ್ಲಿ ನರಪಿಳ್ಳೆಯನ್ನೂ ಬಿಡುವುದಿಲ್ಲ. ಹಾಗಾದರೆ ಅಲ್ಲಿಗೆ ಒಂದು ಆನೆ ಬರಬೇಕು. ತಾನಾಗಿ ಬರದಿದ್ದರೆ ವೃಷಭೇಂದ್ರ ಕರೆತರುತ್ತಾನೆ.

ಹದಿನೈದು ದಿನ ತಯಾರಿ ನಡೆಸಿದ. ಹಲಸಿನ ದಿಮ್ಮಿಯಿಂದ ಎರಡು ಪಾದ ಕೆತ್ತಿದ. ಆನೆಯ ಮುಂಗಾಲು ದುಂಡಗೆ, ಹಿಂಗಾಲು ಕೊಂಚ ಉದ್ದಕ್ಕೆ ಇರುತ್ತದೆಂದು ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ಉಗುರಿನ ಗುರುತು ಕೆತ್ತುವುದನ್ನೂ ಮರೆಯಲಿಲ್ಲ. ತಾಳಮಲೆ ಕಾಡಿನ ದಾರಿಯಿಂದ ಎರಡು ಚೀಲ ಆನೆ ಲದ್ದಿ ತಂದು, ಒಣಗದಂತೆ ಒದ್ದೆ ಗೋಣಿ ಹೊದಿಸಿದ. ತಾನು ಇಷ್ಟು ಬುದ್ಧಿವಂತ ಎಂದು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬುದೊಂದೇ ಬೇಸರ.

ಸೋಮವಾರ ನಾಲ್ಕೂವರೆಗೇ ಎದ್ದು ಸ್ನಾನ ಮಾಡಿದ. ಹೆಂಡತಿ ಶೈಲಶ್ರೀ ಬರಿಹಣೆಯವರಿಗೆ ಕಾಫಿ ಕೊಡುವವಳಲ್ಲ. ಅವನು ವಿಭೂತಿ ನೀರಿಗೆ ಕಲಸಿ ಮೂರು ಪಟ್ಟೆ ಎಳೆದುಕೊಂಡ. ದೇವರ ಮೇಲಿನ ನಂಬಿಕೆ ಕಾಲೇಜಿನಲ್ಲೇ ಬಿಟ್ಟುಹೋಗಿತ್ತು. ಆದರೆ ಪಟ್ಟೆ ಹಚ್ಚಿದ ಯಜಮಾನನ ಜತೆ ಫೋಟೊ ತೆಗೆಸಿಕೊಳ್ಳುವುದೆಂದರೆ ಬರುವ ಜನಕ್ಕೆ ಇಷ್ಟ. ಎಳವೆಯಲ್ಲಿ ಗಾಡಿಯಿಂದ ಬಿದ್ದು ಹಣೆಯ ನಡುವೆ ಹುಣಸೆಬೀಜದಷ್ಟು ತಗ್ಗಾಗಿತ್ತು. ನಡುವಿನ ಪಟ್ಟೆ ಅಲ್ಲಿ ತುಂಡಾಗುತ್ತಿತ್ತು. ಅದನ್ನೂ ಜನ ಯಾವುದೋ ಮಠದ ಸಂಪ್ರದಾಯವೆಂದು ತಿಳಿದು ಕೇಳುತ್ತಿದ್ದರು. ಅವನು ಹೌದೆನ್ನುತ್ತಿದ್ದ.

ಹೊಲದ ಪಂಪಿನ ಮೋಟರು ನೋಡಿ ಬರುತ್ತೇನೆಂದು ಹೊರಟವನು, ಬೆಳಕು ಹರಿಯುವ ಹೊತ್ತಿಗೆ ಮಂಜಿನಲ್ಲಿ ಮೂಡಣ ದಡದಲ್ಲಿದ್ದ. ಬೊಮ್ಮಯ್ಯ ಊರೊಳಗೆ ಮಲಗುತ್ತಾನೆ, ಏಳು ಗಂಟೆಯ ಮುಂಚೆ ಬರುವುದಿಲ್ಲ. ಕೆಲಸ ಲೆಕ್ಕ ಹಾಕಿದಂತೆಯೇ ನಡೆಯಿತು. ನಾಲ್ಕೂ ತೆಪ್ಪಗಳನ್ನು ದಿಮ್ಮಿಯಿಂದ ಜಜ್ಜಿದ. ಬೊಮ್ಮಯ್ಯನ ಹೆಂಡತಿ ಮಲ್ಲಿಗಮ್ಮ ಟೀ ಮಾರುವ ಗುಡಿಸಲಿನೊಳಗೆ ಹೋಗಿ ಬೆಂಚು ಮುರಿದ, ಬಾಳೆಗೊನೆ ಎಳೆದು ಅರ್ಧ ಚೆಲ್ಲಾಡಿ ಉಳಿದರ್ಧ ಚೀಲಕ್ಕೆ ಹಾಕಿಕೊಂಡ. ಆನೆ ಬಾಳೆಹಣ್ಣು ಬಿಟ್ಟುಹೋಗುತ್ತದೆಯೇ? ನಡುಗಂಬಕ್ಕೆ ಕೈ ಹಾಕಿದಾಗ ಮೊಳೆಗೆ ನೇತುಹಾಕಿದ್ದ ಬೆಟ್ಟದ ದೇವರು ಮಾದಪ್ಪನ ಫೋಟೊ ಅಡ್ಡ ಬಂತು. ಇಳಿಸಿ, ಹೊರಗೆ ಬಂಡೆಯ ಮೇಲಿಟ್ಟು ಬಂದು ಕಂಬ ಬೀಳಿಸಿದ. ಮಾಡು ಕುಸಿಯಿತು. ಕೆರೆಯಿಂದ ಗುಡಿಸಲಿಗೆ, ಗುಡಿಸಲಿಂದ ಕಾಡಿಗೆ ಪಾದ ಒತ್ತುತ್ತಾ, ನಡುನಡುವೆ ಲದ್ದಿ ಹಾಕುತ್ತಾ ಹೋದ. ತನ್ನ ಹೆಜ್ಜೆಗಳನ್ನು ಸೊಪ್ಪಿನಿಂದ ಗುಡಿಸಿ ಅಳಿಸಿದ.

ಒಂಬತ್ತಕ್ಕೆ ಮೈಗೆ ಶಾಲು ಹೊದ್ದು, ಮುಖಕ್ಕೆ ದುಃಖ ಹೊದ್ದು ಅಲ್ಲಿಗೆ ಬಂದ. ಅರ್ಧ ಊರೇ ನೆರೆದಿತ್ತು. ಬೊಮ್ಮಯ್ಯ ಮುರಿದ ತೆಪ್ಪದ ಅಂಚು ಹಿಡಿದು ಕೂತಿದ್ದ.

"ಏನ್ಲಾ ಬೊಮ್ಮಯ್ಯ, ಇಂಗಾಗ್ಬುಡ್ತಲ್ಲ!"

"ಎಲ್ಲಾನೂ ತುಳ್ದಾಕ್ಬುಟ್ಟದ ಬುದ್ದಿ," ಎಂದ ಬೊಮ್ಮಯ್ಯ. "ಮಗಳ ಓದು, ಮನೆ, ಎಲ್ಲಾ ಈ ತೆಪ್ಪದಲ್ಲೇ ಇತ್ತು."

ರೇಂಜರ್ ಹೆಜ್ಜೆ ಅಳೆದರು, ಲದ್ದಿಯನ್ನು ಕೋಲಿನಿಂದ ಕೆದಕಿದರು. "ದೊಡ್ಡ ಗಂಡಾನೆ," ಎಂದರು. "ಈ ದಡ ಮುಚ್ಚಬೇಕಾಗುತ್ತೆ."

ವೃಷಭೇಂದ್ರ ಒಳಗೊಳಗೇ ಬೆನ್ನು ತಟ್ಟಿಕೊಂಡ. ಸರ್ಕಾರಿ ಕಣ್ಣಿಗೆ ಇಷ್ಟೇ ಸಾಕು.

ಅಷ್ಟರಲ್ಲಿ ಮುದುಕಿ ಮಂಚಮ್ಮ ಬಂಡೆಯತ್ತ ಕೈ ಮಾಡಿ ಕೂಗಿದಳು: "ನೋಡ್ರಪ್ಪಾ! ಎಲ್ಲಾನೂ ಪುಡಿ ಮಾಡ್ಬುಟ್ಟು ಮಾದಪ್ಪನ್ನ ಮಾತ್ರ ಎತ್ತಿ ಮಡಗ್ಬುಟ್ಟದ ಕಣ್ರೋ ಆನೆ!"

ಗುಂಪು ಉಘೇ ಎಂದಿತು. ಹೆಂಗಸರು ಅಲ್ಲೇ ಅಡ್ಡಬಿದ್ದರು. ಫೋಟೊ ಹೊರಗೇ ಬಿಟ್ಟ ತಪ್ಪು ವೃಷಭೇಂದ್ರನಿಗೆ ಆಗ ಹೊಳೆದರೂ, ಮರುಗಳಿಗೆಗೆ ನಗು ಉಕ್ಕಿತು. ಇಂಥ ಜನರಿದ್ದರೆ ತಪ್ಪು ಕೂಡ ಪವಾಡವಾಗುತ್ತದೆ! ಅವನೂ ಕೈ ಮುಗಿದು, "ಮಾದಪ್ಪನೇ ಈ ದಡ ಬಿಡಿ ಅಂತ ಏಳವ್ನೆ," ಎಂದ. ರೇಂಜರ್ ತಲೆ ಆಡಿಸಿ ಕಾಗದ ತೆಗೆದರು.

ಮಲ್ಲಿಗಮ್ಮ ಅಳುತ್ತಾ ಹೋಗಿ ಫೋಟೊ ಎತ್ತಿಕೊಂಡಳು. ದೇವರ ಪಟ ಕೈಗೆ ಬಂದರೆ ಹಣೆಗೆ ಒತ್ತಿಕೊಳ್ಳದೆ ಕೆಳಗಿಡುವವರು ಈ ಬೆಟ್ಟದಲ್ಲಿ ಯಾರೂ ಇಲ್ಲ. ಅವಳೂ ಒತ್ತಿಕೊಳ್ಳಲು ಎತ್ತಿದಳು, ಅರ್ಧದಲ್ಲೇ ನಿಲ್ಲಿಸಿದಳು. "ನಿನ್ನೆ ಸಾಯಂಕಾಲ ನಾನೇ ಗಾಜು ಒರ್ಸ್‌ಬುಟ್ಟು ಓಗಿದ್ದಿ," ಎಂದು ಮೆಲ್ಲಗೆ ಹೇಳಿ ಪಟವನ್ನು ರೇಂಜರ್ ಕಡೆ ತಿರುಗಿಸಿದಳು. ಮಂಜು ಆರಿದ ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಅಚ್ಚೊತ್ತಿತ್ತು. ನಡುವಿನದು ಹುಣಸೆಬೀಜದಷ್ಟು ಜಾಗದಲ್ಲಿ ತುಂಡಾಗಿತ್ತು. ಫೋಟೊ ಇಳಿಸಿದ್ದು ವೃಷಭೇಂದ್ರನಿಗೆ ನೆನಪಿತ್ತು, ಬಂಡೆಯ ಮೇಲಿಟ್ಟದ್ದೂ ನೆನಪಿತ್ತು. ನಡುವೆ ತಲೆ ಬಾಗಿಸಿದ್ದು ಮಾತ್ರ ನೆನಪಿರಲಿಲ್ಲ. ಅವನು ಶಾಲನ್ನು ಹಣೆಯ ಮೇಲೆ ಎಳೆದುಕೊಳ್ಳುವ ಹೊತ್ತಿಗೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.