ಸತ್ಯವ್ವನ ಒಪ್ಪಿಗೆ

೧೯೩೭ರ ಫೆಬ್ರವರಿ ೯, ಮಂಗಳವಾರ. ಮುಂಜಾನೆ ಎಂಟರ ಸುಮಾರಿಗೆ ಹೆಬ್ಬಳ್ಳಿಯ ಫಕೀರಪ್ಪ ಯಾರದೋ ಸೈಕಲ್ ತುಳಿದುಕೊಂಡು ಧಾರವಾಡ ತಾಲೂಕು ಠಾಣೆಗೆ ಬಂದ. ಫೌಜದಾರ ಗುರುಶಿದ್ದಪ್ಪ ಆಗಷ್ಟೇ ಕುರ್ಚಿಯಲ್ಲಿ ಕುಳಿತಿದ್ದ.

"ನನ್ನ ಹೇಣ್ತಿ ನಸುಕಿನ್ಯಾಗ ತೀರಿಕೊಂಡಳ್ರಿ ಸಾಹೇಬ್ರ. ನಮ್ಮವ್ವ ವಿಷಾ ಹಾಕ್ಯಾಳಂತ ಊರ ಮಂದಿ ಮನಿ ಮ್ಯಾಲ ಕಲ್ಲು ಒಗ್ಯಾಕತ್ತಾರ. ಲಗೂ ಬರ್ರಿ, ಇಲ್ಲಂದ್ರ ಅಕಿನೂ ಉಳಿಯಂಗಿಲ್ಲ."

ಗುರುಶಿದ್ದಪ್ಪ ಅಳುವವರನ್ನು ಕಂಡರೆ ಸಿಡುಕುವ ಮನುಷ್ಯ. "ಅಳೂದು ಆಮ್ಯಾಲ. ಹೆಸರು ಹೇಳು," ಎಂದು ಎಫ್.ಐ.ಆರ್. ಬರೆದುಕೊಂಡ. ಸತ್ತವಳು ಸತ್ಯವ್ವ, ವಯಸ್ಸು ಇಪ್ಪತ್ತೊಂದು, ತವರು ಹುಬ್ಬಳ್ಳಿಯ ಕಮರಿಪೇಟೆ. ಪೇದೆ ಹಜರತಅಲಿಯನ್ನೂ ಇನ್ನಿಬ್ಬರು ಪೇದೆಗಳನ್ನೂ ಕರೆದುಕೊಂಡು ಹೊರಟ.

ಹೆಬ್ಬಳ್ಳಿಯಲ್ಲಿ ಮನೆಯ ಮುಂದೆ ಊರೇ ನೆರೆದಿತ್ತು. ಲಾಠಿ ಬೀಸದೆ ದಾರಿ ಸಿಗಲಿಲ್ಲ. ಪಂಚರ ಎದುರು ಪಂಚನಾಮೆ ನಡೆಯಿತು. ಹೆಣದ ಮೇಲೆ ಗಾಯವಿಲ್ಲ. ಮೈಯಲ್ಲಿ ಹೊಸ ಖಣದ ಕುಬಸ. ಅಡುಗೆ ಮನೆಯಲ್ಲಿ ಅರ್ಧ ಉಳಿದ ಬುತ್ತಿ, ತಳದಲ್ಲಿ ಕಂದು ಗಸಿ ನಿಂತ ಒಂದು ತಂಬಿಗೆ. ಇವೆರಡನ್ನೂ ಅರಿವೆಯಲ್ಲಿ ಕಟ್ಟಿ ಮೊಹರು ಹಾಕಿದರು.

ಅತ್ತೆ ಶಿವಬಸವ್ವ ದೇವರ ಕೋಣೆಯಲ್ಲಿ ಅಗಳಿ ಹಾಕಿಕೊಂಡು ಕುಳಿತಿದ್ದಳು. ಕಲ್ಲು ತಗುಲಿ ಹಣೆ ಒಡೆದಿತ್ತು.

"ಸೊಸಿ ಜೋಡಿ ಜಗಳಾ ಇತ್ತೇನು?"

"ಇತ್ರಿ. ಮಕ್ಕಳಾಗದಿದ್ರ ಮಗಗ ಇನ್ನೊಂದು ಮದುವಿ ಮಾಡ್ತೇನಿ ಅಂತಿದ್ದೆ. ಊರಿಗೆಲ್ಲಾ ಕೇಳೂ ಹಂಗ ಅಂದೇನಿ."

"ಮತ್ತ?"

"ಮತ್ತೇನ್ರಿ? ಅಕಿಗೆ ಮೂರು ತಿಂಗಳಾಗಿತ್ತು. ನನ್ನ ಮೊಮ್ಮಗನ್ನ ನಾನಽ ಕೊಲ್ಲಲೇನ್ರಿ?"

ಮೂರನೆಯ ತಿಂಗಳ ಬಸಿರನ್ನು ಆ ಕಡೆ ಯಾರೂ ಊರಿಗೆ ಹೇಳುವುದಿಲ್ಲ. ತಾಯಿ ಸದ್ದಿಲ್ಲದೆ ಬಂದು ಮಗಳಿಗೆ ಕಳ್ಳಕುಬಸ ತೊಡಿಸಿ, ಬುತ್ತಿ ಉಣಿಸಿ ಹೋಗುತ್ತಾಳೆ. ಶಿವಬಸವ್ವ ತಾನೇ ಬೀಗತಿಗೆ ಹೇಳಿ ಕಳಿಸಿದ್ದಳು. ಬೀಗತಿ ಮಾಳವ್ವ ಸೋಮವಾರ ಬಂದು ಶಾಸ್ತ್ರ ಮುಗಿಸಿ ಮಧ್ಯಾಹ್ನವೇ ಮರಳಿದ್ದಳು. ಸಂಜೆಗೆ ಸತ್ಯವ್ವನ ಹೊಟ್ಟೆನೋವು ಶುರುವಾಗಿತ್ತು.

"ತಂಬಿಗ್ಯಾಗ ಏನಿತ್ತು?"

"ಕಸಾಯರಿ. ಬಸುರಿಗೆ ತ್ರಾಣ ಬರತೈತಿ ಅಂತ ಬೀಗತಿನಽ ಕಾಸಿ ಕುಡಿಸಿದಳು."

ಹೆತ್ತ ತಾಯಿ ವಿಷ ಹಾಕುತ್ತಾಳೆಂದರೆ ಯಾರು ನಂಬುತ್ತಾರೆ? ಗುರುಶಿದ್ದಪ್ಪನೂ ನಂಬಲಿಲ್ಲ. ಕಸಾಯದಲ್ಲಿ ಯಾವುದೋ ಬೇರಿನ ಬದಲು ಯಾವುದೋ ಬೇರು ಬಿದ್ದಿರಬೇಕು ಎಂದುಕೊಂಡ. ಆದರೆ ಮಾಳವ್ವ ಬಂದು "ನಾ ಏನೂ ಕುಡಿಸಿಲ್ಲ" ಎಂದುಬಿಟ್ಟರೆ ಶಿವಬಸವ್ವನ ಕತೆ ಮುಗಿದಂತೆಯೇ. ಮನೆಗೆ ಇಬ್ಬರು ಪೇದೆಗಳ ಕಾವಲು ಹಾಕಿ ಹೆಣವನ್ನು ಧಾರವಾಡದ ಸಿವಿಲ್ ಆಸ್ಪತ್ರೆಗೆ ಸಾಗಿಸಿದ.

ಮಧ್ಯಾಹ್ನ ಮೂರಕ್ಕೆ ಶವಪರೀಕ್ಷೆ ಮುಗಿಯಿತು.

"ಬಸಿರು ಇಳಿಸೂ ಬೇರು," ಎಂದರು ಸರ್ಜನ್. "ಆದರ ಗಟ್ಟಿಮುಟ್ಟಾದಾಕಿ ಆಗಿದ್ರ ಬದುಕಬಹುದಿತ್ತು. ಈಕಿ ಎದಿಗುಂಡಿಗಿ ಮೊದಲಽ ಕೆಟ್ಟಿತ್ತು. ಇಂಥಾಕಿ ಬಸುರಾಗಬಾರದಾಗಿತ್ತು, ಫೌಜದಾರ್ರ. ಈಕಿ ಹಿಂದೊಮ್ಮೆ ಹಡದಾಳ, ಆ ಹೆರಿಗಿ ಮಾಡಿಸಿದ ಡಾಕ್ಟರಿಗೆ ಇದು ಗೊತ್ತಿರಲಿಕ್ಕೇಬೇಕು."

ಹೊರಗೆ ನಿಂತಿದ್ದ ಫಕೀರಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಚೊಚ್ಚಲ ಹೆರಿಗೆ ತವರಿನದು. ಕೇಶ್ವಾಪುರದ ಕೊರ್ಲಹಳ್ಳಿ ಡಾಕ್ಟರ ದವಾಖಾನೆಯಲ್ಲಿ ಆಗಿತ್ತು, ಕೂಸು ಉಳಿಯಲಿಲ್ಲ ಎಂದಷ್ಟೇ ಹೇಳಿದ. ಅದಾದ ಮೇಲೆ ವರ್ಷದ ಮೇಲಾದರೂ ಅವನ ಅತ್ತೆ ಮಾಳವ್ವ ಮಗಳನ್ನು ತವರಿನಿಂದ ಕಳಿಸಿರಲಿಲ್ಲ. ಎರಡನೆಯ ಮದುವೆಯ ಮಾತು ಎದ್ದ ಮೇಲೆಯೇ ಕಳಿಸಿದ್ದು.

ಸಂಜೆ ಹೆಬ್ಬಳ್ಳಿಯಲ್ಲಿ ಮಣ್ಣಾಯಿತು. ಮುಂಜಾನೆಯೇ ಸುದ್ದಿ ಮುಟ್ಟಿದ್ದರೂ ಮಾಳವ್ವ ಬರಲಿಲ್ಲ. ಗುರುಶಿದ್ದಪ್ಪನಿಗೆ ಅಲ್ಲೇ ಅನುಮಾನ ಹುಟ್ಟಿತು. ಮಗಳ ಮುಖ ಕಡೆಯ ಸಲ ನೋಡಲು ಬಾರದ ತಾಯಿಯನ್ನು ಅವನು ಕಂಡಿರಲಿಲ್ಲ.

ಮರುದಿನ ಮುಂಜಾನೆಯ ರೈಲಿಗೆ ಅವನೂ ಹಜರತಅಲಿಯೂ ಹುಬ್ಬಳ್ಳಿಗೆ ಹೋದರು. ಕೊರ್ಲಹಳ್ಳಿ ಡಾಕ್ಟರು ಕೇಶ್ವಾಪುರದಲ್ಲಿ ಹೆಸರಾದವರು, ಕೈಗುಣದವರು. ಸುದ್ದಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾ ಹೇಳಿದ್ದೆ. ಇನ್ನೊಮ್ಮೆ ಬಸುರಾದರ ಜೀವಕ್ಕ ಅಪಾಯ ಐತಿ ಅಂತ ಸ್ಪಷ್ಟ ಹೇಳಿದ್ದೆ."

"ಯಾರಿಗೆ?"

"ಅಕಿ ತಾಯಿಗೆ. ಜೋಡಿ ಬಂದ ಹಿರೇರು ಅವರಽ."

"ಸತ್ಯವ್ವಗ?"

"ಕೂಸು ಕಳಕೊಂಡ ಹುಡುಗಿ. ಅಕಿಗೆ ಹೇಳಿ ಯಾಕ ಅಂಜಸಬೇಕ್ರಿ? ಮನಿ ಹಿರೇರಿಗೆ ಹೇಳೂದು ಪದ್ಧತಿ."

"ಗಂಡಗ?"

"ಅಂವ ನನ್ನ ಮುಂದ ಬಂದಽ ಇಲ್ಲ. ಮತ್ತ ಆ ತಾಯಿ ನನ್ನ ಕಾಲು ಹಿಡದಳು, ಯಾರಿಗೂ ಹೇಳಬ್ಯಾಡ್ರಿ ಅಂತ. ನಾನರೆ ಏನು ಮಾಡಲಿ?"

"ಎದಿ ಯಾರದಿತ್ರಿ ಡಾಕ್ಟರ್? ತಾಯಿದೋ ಮಗಳದೋ?"

ಡಾಕ್ಟರು ಕನ್ನಡಕ ಎತ್ತಿ ಹಾಕಿಕೊಂಡರು. ಅವರ ಮೇಲೆ ಹಾಕಲು ಕಾನೂನಿನ ಯಾವ ಕಲಮೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಗುರುಶಿದ್ದಪ್ಪ ಸಿಟ್ಟು ನುಂಗಿಕೊಂಡು ಅವರ ಹೇಳಿಕೆ ಬರೆಸಿಕೊಂಡ. ನನ್ನನ್ನು ಕೇಳಿದರೆ ಅಷ್ಟು ಸಿಟ್ಟು ಸಾಲದು.

ಕಮರಿಪೇಟೆಯಲ್ಲಿ ಮಾಳವ್ವನ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಗೋಡೆಗೊರಗಿ ಕುಳಿತಿದ್ದಳು. ಒಲೆ ಹೊತ್ತಿಸಿದ ಗುರುತಿರಲಿಲ್ಲ.

"ಬರ್ತೀರಂತ ಗೊತ್ತಿತ್ರಿ. ಬೀಗತೀನ ಬಡದರೇನು?"

"ಹಣಿ ಒಡದಾರ. ಕಾವಲ ಇಟ್ಟೇನಿ. ಮಣ್ಣಿಗ್ಯಾಕ ಬರಲಿಲ್ಲ?"

"ಯಾವ ಮುಖಾ ತಗೊಂಡು ಬರಲ್ರಿ? ಆ ಬೇರು ಕೊಟ್ಟಾಕಿ ನಾನಽ. ಬೀಗತಿದೇನೂ ತಪ್ಪಿಲ್ಲ."

ಹಜರತಅಲಿ ನೆರೆಮನೆಯ ಇಬ್ಬರನ್ನು ಪಂಚರೆಂದು ಕರೆತಂದ. ಮಾಳವ್ವ ನೆಲ ನೋಡುತ್ತ ಹೇಳಿದಳು.

"ಡಾಕ್ಟರು ಹೊರಗ ಕರದು ಹೇಳಿದ್ರು. ಬೀಗರಿಗೆ ತಿಳದ್ರ ಸವತಿ ಬರತಾಳ. ಮಗಳಿಗೆ ಹೇಳಿದ್ರ ಅಕಿ ಗಂಡನ ಮುಂದ ಹೇಳದ ಬಿಡತಾಳೇನ್ರಿ? ಅಕಿನ್ನ ನನ್ನ ಮನ್ಯಾಗಽ ಇಟಗೊಂಡೆ. ಆಷಾಢ ಅಂದೆ, ನನಗ ಆರಾಮಿಲ್ಲ ಅಂದೆ. ಅಕಿನಽ ನನ್ನ ಜೋಡಿ ಜಗಳಾ ತಗದಳು. ಅವ್ವಾ, ನನ್ನ ಬಾಳೇವು ಹಾಳು ಮಾಡಾಕತ್ತಿ ಅಂದಳು. ಕಳಿಸಿದೆ. ಬಸುರಾದಳಂತ ಸುದ್ದಿ ಬಂದ ದಿನಾ ನಿದ್ದಿ ಇಲ್ರಿ. ಕೂಸು ಹೋಗಲಿ, ನನ್ನ ಮಗಳರೆ ಉಳೀಲಿ ಅಂತ ಕೊಟ್ಟೆ."

ಗುರುಶಿದ್ದಪ್ಪ ಅವಳೆದುರು ನೆಲದ ಮೇಲೆ ಕುಳಿತ. ಆಮೇಲೆ, ಸಿಡುಕಿನ ದನಿ ಬಿಟ್ಟು, ನಿಧಾನವಾಗಿ ಹೇಳಿದ. "ಮುನ್ನೂರಾ ಹದಿನಾಲ್ಕನೇ ಕಲಮು. ಬಸಿರು ಇಳಿಸಲಿಕ್ಕೆ ಹೋಗಿ ಜೀವ ತಗದದ್ದು. ನಾಳೆ ಮ್ಯಾಜಿಸ್ಟ್ರೇಟರೂ ಒಂದು ಮಾತು ಕೇಳತಾರ, ಅದನ್ನಽ ನಾನೂ ಕೇಳತೇನಿ. ನಿನ್ನ ಮಗಳು ಒಪ್ಪಿ ಕುಡದಿದ್ರ ಭಾಳಂದ್ರ ಹತ್ತು ವರ್ಷ. ಅಕಿ ಒಪ್ಪಿಗಿ ಇಲ್ಲದ ಕೊಟ್ಟಿದ್ರ ಜೀವ ಇರೂ ತನಕಾ ಕರೀನೀರಿನ ಶಿಕ್ಷಾ. ಇಚಾರ ಮಾಡಿ ಹೇಳು. ಒಪ್ಪಿದ್ದಳೇನು?"

ಬರೆಯುತ್ತಿದ್ದ ಹಜರತಅಲಿ ತಲೆ ಎತ್ತಿದ. "ಒಪ್ಪಿದ್ದಳು ಅನ್ನು, ಯವ್ವಾ," ಎಂದ. ಪೇದೆ ಆಡಬಾರದ ಮಾತು ಅದು. ಫೌಜದಾರ ಅವನನ್ನು ಗದರಲಿಲ್ಲ. ಪಂಚರು ಕೇಳಿಸಲಿಲ್ಲವೆಂಬಂತೆ ಬೀದಿಯ ಕಡೆ ನೋಡಿದರು.

ಮಾಳವ್ವ ತಲೆ ಅಲ್ಲಾಡಿಸಿದಳು.

"ಭಾಳ ಕಹಿ ಇತ್ರಿ ಅದು. ಅವ್ವಾ, ಇದನ್ನ ಕುಡದ್ರ ಈ ಕೂಸರೆ ಉಳೀತೈತಿ ಹೌದಿಲ್ಲೋ ಅಂದಳು. ನಾ ಹೂಂ ಅಂದೆ. ಕಣ್ಣು ಮುಚ್ಚಿ ಅಷ್ಟೂ ಕುಡದಳು." ಅವಳು ಹಜರತಅಲಿಯ ಕೈಯ ಕಾಗದದ ಕಡೆ ನೋಡಿದಳು. "ಒಪ್ಪಿದ್ದಳು ಅಂತ ಬರೀಬ್ಯಾಡ್ರಿ. ಅಕಿಗೆ ಕೂಸು ಬೇಕಾಗಿತ್ತು. ಸತ್ತ ಮ್ಯಾಲೂ ಅಕಿ ಪರವಾಗಿ ನಾನಽ ಮಾತಾಡ್ಲೇನ್ರಿ?"

ಮಧ್ಯಾಹ್ನ ಹನ್ನೆರಡೂವರೆಗೆ ಮಾಳವ್ವನನ್ನು ಬಂಧಿಸಲಾಯಿತು. ಮರುದಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅವಳು ಅದನ್ನೇ ಹೇಳಿದಳು. ಹೆಬ್ಬಳ್ಳಿಯಲ್ಲಿ ಡಂಗುರ ಸಾರಿಸಿ ಶಿವಬಸವ್ವನ ಮೇಲೆ ತಪ್ಪಿಲ್ಲವೆಂದು ಹೇಳಿಸಿದರು. "ನನಗೊಂದು ಮಾತು ಹೇಳಿದ್ರ ಸವತಿ ತರತಿದ್ದೆ, ಖರೇ," ಎಂದು ಶಿವಬಸವ್ವ ಪೇದೆಗಳ ಮುಂದೆ ಅತ್ತಳು. "ಆದ್ರ ಸತ್ಯವ್ವ ಮನಿ ಮೂಲ್ಯಾಗರೆ ಜೀವಂತ ಇರತಿದ್ದಳು."

ದೋಷಾರೋಪ ಪಟ್ಟಿಯನ್ನು ಗುರುಶಿದ್ದಪ್ಪ ತಾನೇ ಬರೆದ. ಅಪರಾಧದ ಉದ್ದೇಶ: ಮಗಳ ಜೀವ ಉಳಿಸಿಕೊಳ್ಳುವುದು. ಮೃತಳ ಒಪ್ಪಿಗೆ: ಇರಲಿಲ್ಲ. ಆ ಹುಡುಗಿಯ ಒಪ್ಪಿಗೆಯನ್ನು ಒಬ್ಬರಾದರೂ ವಿಚಾರಿಸಿದ್ದು ಅದೇ ಮೊದಲು, ಅದೂ ಅವಳನ್ನು ಹೂಳಿದ ಮೇಲೆ ಎನ್ನಿಸಿದಾಗ ಫೌಜದಾರನಿಗೆ ಸಹಿ ಹಾಕಲು ಕೈ ಬರಲಿಲ್ಲ. ಹಜರತಅಲಿ ಎದುರಿಗೇ ನಿಂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಸಹಿ ಹಾಕಿ ಕಾಗದವನ್ನು ಅವನ ಕೈಗೆ ಕೊಟ್ಟ.